ಏಳು ಸಾಲಿನಲ್ಲಿ ಒಂದು ನಮ್ಮದು

ಮಾರ್ಚ್ 4, ಮಂಗಳವಾರ. ಆಫೀಸಿಗೆ ಬಂದ ಕೂಡಲೇ

ಬೆಳಗಿನ ಲೋಡ್ ಇಳಿದಿದೆ. ಪರದೆಯ ಮೇಲೆ ಎಲ್ಲ ಹಸಿರು. ಡೇಟಾದ ಒಂದು ಟೇಬಲ್ ಮಾತ್ರ ತಡ. ಅದು ದಿನಾ ತಡ, ನನ್ನ ಥರ.

ನಿನ್ನೆ ಅತ್ತೆ ಕೇಳಿದರು, "ವೇರ್‌ಹೌಸ್ ವೇರ್‌ಹೌಸ್ ಅಂತೀಯಲ್ಲ, ಮೂಟೆ ಎಲ್ಲೇ?" ಮೂಟೆ ಇಲ್ಲ ಅತ್ತೆ, ಅಂದೆ. ದತ್ತು ಕಚೇರಿಯವರ ಸಿಸ್ಟಂನಲ್ಲಿ ಏನೇನು ನಡೆಯುತ್ತೋ ಅದರ ನಕಲು ನಮ್ಮ ಹತ್ತಿರ ಬಂದು ಬೀಳುತ್ತೆ, ನಾವು ಪೇರಿಸಿ ಇಡ್ತೀವಿ, ಕೇಳಿದವರಿಗೆ ರಿಪೋರ್ಟ್ ಕೊಡ್ತೀವಿ. "ಅಂದ್ರೆ ಕಂಡೋರ ಮನೆ ಸುದ್ದಿ ಗುಡ್ಡೆ ಹಾಕೋ ಕೆಲಸ" ಅಂದರು. ಇಷ್ಟು ಚೆನ್ನಾಗಿ ನಮ್ಮ ಮ್ಯಾನೇಜರಿಗೂ ಹೇಳೋಕೆ ಬರುವುದಿಲ್ಲ.

ಹೋದ ತಿಂಗಳಿಂದ ಲೋಡ್ ಬೇಗ ಮುಗಿಯುತ್ತಿದೆ. ಮೊದಲು, ಅಲ್ಲಿ ಯಾರಾದರೂ ಒಂದು ದಾಖಲೆಯ ಮೇಲೆ ಕೆಲಸ ಮಾಡುತ್ತಿದ್ದರೆ ಅವರು ಮುಗಿಸುವ ತನಕ ಕಾಯುತ್ತಿದ್ದೆವು. ಈಗ ಕಾಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಂಡು ಬರುತ್ತೇವೆ. ಅದಕ್ಕೆ ಕೇಕ್ ಕತ್ತರಿಸಿದ್ದೂ ಆಯಿತು. ನಾನು ಎರಡು ತುಂಡು ತಿಂದೆ.

ಎಲ್ಲ ನೋಡಿದ ಮೇಲೆ ಆ ಒಂದು ಕ್ವೆರಿ. ಮಾಡಬಾರದು. ನಮ್ಮದೇ ದತ್ತು ಅರ್ಜಿಯ ನಂಬರ್ ಹಾಕಿ ಹುಡುಕುವುದು. ಹೆಸರುಗಳನ್ನೆಲ್ಲ ಮುಚ್ಚಿಟ್ಟಿದ್ದಾರೆ, ಬರೀ ನಂಬರ್ ಕಾಣುತ್ತೆ. ಆದರೆ ನಮ್ಮ ನಂಬರ್ ನನಗೆ ಬಾಯಿಪಾಠ. ಸ್ವಂತ ಫೈಲ್ ನೋಡುವುದಿಲ್ಲ ಅಂತ ಸಹಿ ಹಾಕಿ ಕೊಟ್ಟಿದ್ದೇನೆ. ಸಿಕ್ಕಿಬಿದ್ದರೆ ಕೆಲಸದ ಮಾತಿರಲಿ, ಅರ್ಜಿಯೇ ರದ್ದಾಗಬಹುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಮೂರು ವರ್ಷದಿಂದ ಕುಡಿಯುತ್ತಿದ್ದೇನೆ. ಹಾಲೂ ಇಲ್ಲ ಲೋಟದಲ್ಲಿ.

ಖಾಲಿ ಬಂತು. ಟೀಗೆ ಹೋದೆ.

ಮಾರ್ಚ್ 5, ಬುಧವಾರ. ಬೆಳಿಗ್ಗೆ

ಬಂದಿದೆ.

ಬಂದಿದೆ. ಒಂದು ಸಾಲು. ನಮ್ಮ ನಂಬರ್, ಪಕ್ಕದಲ್ಲಿ ಒಂದು ಮಗುವಿನ ನಂಬರ್. ಹೆಣ್ಣು. ಹದಿನಾಲ್ಕು ತಿಂಗಳು. ಸ್ಥಿತಿ: ಮ್ಯಾಚ್ ಆಗಿದೆ.

ಬುಧವಾರ ಅಲ್ಲಿ ಮ್ಯಾಚಿಂಗ್ ದಿನ ಅಂತ ಗೊತ್ತು. ಪ್ರತಿ ಬುಧವಾರವೂ ಗೊತ್ತಿತ್ತು. ಕೊನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಬರೆದ ಟಿಪ್ಪಣಿ: ಹೊಸಬರನ್ನು ಕಂಡರೆ ಅಳುವುದಿಲ್ಲ. ಕಾಲುಚೀಲ ಹಾಕಿದ ತಕ್ಷಣ ಕಿತ್ತು ಎಸೆಯುತ್ತಾಳೆ.

ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಬಂದು ಇನ್ನೊಂದು ಸಲ ನೋಡಿದೆ. ಅಲ್ಲೇ ಇದ್ದಳು.

ಯಾರಿಗೂ ಹೇಳಬಾರದು. ಕಚೇರಿಯಿಂದ ಫೋನ್ ಬರಬೇಕು, ಎರಡು ದಿನದಲ್ಲಿ ಬರುತ್ತೆ. ಅಲ್ಲಿಯ ತನಕ ಬಾಯಿಗೆ ಬೀಗ.

ಅದೇ ದಿನ, ಸಂಜೆ

ಬೀಗ ಮಧ್ಯಾಹ್ನದ ತನಕ ಇತ್ತು.

ಇವನು, ನನ್ನ ಗಂಡ, ಲಿಫ್ಟ್ ಮೆಕ್ಯಾನಿಕ್. ಫೋನ್ ಮಾಡಿದರೆ ಯಾವಾಗಲೂ ಯಾವುದೋ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. "ಎಂಟನೇ ಮಹಡೀಲಿ ನೇತಾಡ್ತಾ ಇದ್ದೀನಿ ಕಣೇ, ಬೇಗ ಹೇಳು" ಅಂದ. ಹೇಳಿದೆ. ಸದ್ದಿಲ್ಲ. ಬಿದ್ದುಗಿದ್ದನೋ ಅಂತ ಜೀವ ಬಾಯಿಗೆ ಬಂತು.

"ಇನ್ನೊಂದ್ಸಲ ಹೇಳು."

ಹೇಳಿದೆ. ಕಾಲುಚೀಲದ್ದೂ ಹೇಳಿದೆ.

"ನನ್ನ ಮಗಳೇ" ಅಂದ. "ನಂಗೂ ಕಾಲುಚೀಲ ಆಗಲ್ಲ."

ಮನೆಗೆ ಬರುವಷ್ಟರಲ್ಲಿ ಅತ್ತೆಗೆ ಗೊತ್ತಾಗಿತ್ತು. ಅವನ ಬಾಯಲ್ಲಿ ಯಾವ ಕಾಲಕ್ಕೆ ಮಾತು ನಿಂತಿದೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡ್ರೋ, ಫೋನ್ ಬರಲಿ" ಅಂದರು ಅತ್ತೆ. "ಕೂಸು ಹುಟ್ಟಿ ವರ್ಷ ದಾಟಿದೆ ಅಮ್ಮ, ಕುಲಾವಿನೇ ಲೇಟು" ಅಂದ ಇವನು. ಅತ್ತೆ ನಕ್ಕುಬಿಟ್ಟರು. ಮಗನ ಮಾತಿಗೆ ಅವರು ನಕ್ಕದ್ದು ಎಷ್ಟು ದಿನವಾಗಿತ್ತೋ.

ತುಂಬಾ ಖುಷಿಯಾಗಿದ್ದೇನೆ. ಬರೆದಿಡುತ್ತೇನೆ, ಆಮೇಲೆ ನೆನಪಿಗೆ ಬೇಕಾಗುತ್ತೆ.

ಮಾರ್ಚ್ 8, ಶನಿವಾರ

ಫೋನ್ ಬಂದಿಲ್ಲ.

ಗುರುವಾರ ಬರಲಿಲ್ಲ. ಶುಕ್ರವಾರ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಮೀಟಿಂಗಿಗೆ ಹೋದೆ. ಬಂದದ್ದು ಲೋನ್ ಬೇಕಾ ಅನ್ನುವವರದು. ಶನಿವಾರ, ಭಾನುವಾರ ಅಲ್ಲಿ ರಜೆ.

ಇವನು ಬೆಳಗಿನಿಂದ ಮನೆಯಲ್ಲಿ ಅಂಬೆಗಾಲಿಡುತ್ತಿದ್ದಾನೆ. ನಿಜವಾಗಿ. ಮಗುವಿನ ಎತ್ತರದಿಂದ ಮನೆ ಹೇಗಿದೆ ನೋಡಬೇಕಂತೆ. ಮೇಜಿನ ಮೂಲೆಗಳಿಗೆಲ್ಲ ರಬ್ಬರ್ ಅಂಟಿಸಿದ. ಬಾಲ್ಕನಿ ಸರಳಿನ ಸಂದಿಗೆ ಮುಷ್ಟಿ ತೂರಿಸಿ ನೋಡಿದ. "ತಲೆ ಸಿಕ್ಕಿಕೊಳ್ಳುತ್ತೆ, ಜಾಲರಿ ಹಾಕಿಸ್ತೀನಿ" ಅಂದ. ಫೋನ್ ಬರಲಿ ಇರಪ್ಪ ಅಂದೆ. "ಬರುತ್ತೆ ಬಿಡು. ಕಂಪ್ಯೂಟರಲ್ಲೇ ಬಂದಿದೆ ಅಂದ ಮೇಲೆ ಫೋನ್ ಎಲ್ಲಿ ಹೋಗುತ್ತೆ" ಅಂದ.

ನನಗೆ ಒಳಗೊಳಗೇ ಏನೋ ಕೊರೆಯುತ್ತಿದೆ. ಮ್ಯಾಚ್ ಆದ ಮೇಲೆ ಬೇರೆ ಟೇಬಲ್‌ಗಳಲ್ಲೂ ಒಂದೊಂದು ಸಾಲು ಬರಬೇಕು — ಪತ್ರ ಹೋದದ್ದು, ಭೇಟಿಯ ದಿನ. ನಮ್ಮದಕ್ಕೆ ಬಂದಿಲ್ಲ. ಆ ಟೇಬಲ್ ತಡ ಇರಬಹುದು. ಒಂದು ಟೇಬಲ್ ದಿನಾ ತಡ ಇರುತ್ತಲ್ಲ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಮ್ಯಾನೇಜರಿಗೆ ನಾವಿಟ್ಟ ಹೆಸರು ಗುರುವಾರ. ಏನು ಕೇಳಿದರೂ "ಗುರುವಾರದ ಮೀಟಿಂಗಲ್ಲಿ ನೋಡೋಣ" ಅನ್ನುತ್ತಾರೆ. ಕೆಟ್ಟವರಲ್ಲ. ಬೆನ್ನು ನೋವಿರುವವರಿಗೆ ತಮ್ಮ ಕುರ್ಚಿ ಕೊಡುವ ಜಾತಿ.

ಇವತ್ತು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಹೋದ ತಿಂಗಳಿಂದ ಈಚೆಗೆ ಆದ ಮ್ಯಾಚ್‌ಗಳ ಲೆಕ್ಕ ಕೂಡ್ತಾ ಇಲ್ಲಮ್ಮ. ದತ್ತು ಕಚೇರಿ ಲೆಕ್ಕಕ್ಕಿಂತ ನಮ್ಮಲ್ಲಿ ಏಳು ಜಾಸ್ತಿ ಇವೆ. ಅಲ್ಲಿಲ್ಲದ ಏಳು ಮಕ್ಕಳು ಇಲ್ಲೆಲ್ಲಿಂದ ಬಂದ್ವು? ಪತ್ತೆ ಮಾಡು."

ಹೂಂ ಸರ್ ಅಂದೆ. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ಏಳು ನಂಬರ್ ಬರೆದುಕೊಂಡೆ.

ಅದೇ ದಿನ, ಮಧ್ಯಾಹ್ನ

ಕೆಳಗಿನ ಮಹಡಿಯ ಬೀಗದಣ್ಣನ ಹತ್ತಿರ ಹೋಗಿ ಬಂದೆ. ದತ್ತು ಕಚೇರಿಯ ಮೂಲ ಡೇಟಾಬೇಸ್ ನೋಡಿಕೊಳ್ಳುವುದು ಅವನು. ಅಲ್ಲಿನ ಲಾಕ್‌ಗಳೆಲ್ಲ ಅವನ ಕೈಯಲ್ಲಿ, ಅದಕ್ಕೇ ಆ ಹೆಸರು.

ಏಳು ನಂಬರ್ ಕೊಟ್ಟೆ. ನೋಡುತ್ತಾ ಹೋದ. "ಇದೂ ರೋಲ್‌ಬ್ಯಾಕ್. ಇದೂ ರೋಲ್‌ಬ್ಯಾಕ್. ಎಲ್ಲಾ ರೋಲ್‌ಬ್ಯಾಕ್ ಆಗಿರೋದು ಕಣ್ರೀ."

ಅಂದರೆ ಹೀಗೆ. ಅಧಿಕಾರಿ ಒಂದು ಮಗುವನ್ನು ಒಂದು ಮನೆಗೆ ಜೋಡಿಸುವಾಗ ಸಿಸ್ಟಂ ಐದಾರು ಕಡೆ ಬರೆಯುತ್ತೆ. ಕೊನೆಯ ತನಕ ಮುಗಿದರೆ ಕಮಿಟ್, ಆದದ್ದು ಆಯಿತು. ನಡುವೆ ಎಲ್ಲಿ ಮುರಿದರೂ ರೋಲ್‌ಬ್ಯಾಕ್ — ಬರೆದದ್ದೆಲ್ಲ ವಾಪಸು, ಏನೂ ನಡೆದೇ ಇಲ್ಲ ಅನ್ನುವ ಹಾಗೆ. ನಮ್ಮ ಲೋಡ್ ಕಾಯುವುದಿಲ್ಲವಲ್ಲ. ಅರ್ಧ ಬರೆದಿದ್ದಾಗಲೇ ಕೈ ಹಾಕಿ ಎತ್ತಿಕೊಂಡು ಬಂದಿದೆ. ಅಲ್ಲಿ ಅಳಿಸಿಹೋಯಿತು, ಇಲ್ಲಿ ಉಳಿದುಕೊಂಡಿತು. ಕೇಕ್ ತಿಂದದ್ದು ಇದಕ್ಕೆ.

ನಾಲ್ಕನೇ ನಂಬರ್ ನಮ್ಮದು.

"ಇದು ಯಾಕೆ ಆಯ್ತು ಅಣ್ಣಾ, ಈ ನಾಲ್ಕನೇದು?"

"ಸಿಸ್ಟಂ ಬರೆದಿಡೋ ಲಾಗಲ್ಲಿ ಒಂದೇ ಮಾತು. ಸೆಷನ್ ನಡುವೆ ನಿಂತಿದೆ."

"ಯಾರು ನಿಲ್ಲಿಸಿದ್ದು?"

"ನೆಟ್ ಹೋಗಿರಬಹುದು. ಅಥವಾ ಅಧಿಕಾರಿ ಫೈಲ್ ನೋಡಿ, ಬೇಡ ಅನ್ನಿಸಿ ಕ್ಯಾನ್ಸಲ್ ಒತ್ತಿರಬಹುದು. ಲಾಗ್‌ಗೆ ಎರಡೂ ಒಂದೇ. ಆಗಿದ್ದಕ್ಕಾದ್ರೆ ಸಾವಿರ ದಾಖಲೆ ಇಡ್ತೀವಿ. ಆಗದೇ ಇದ್ದಿದ್ದಕ್ಕೆ ಯಾರು ಇಡ್ತಾರೆ?"

ಮೆಟ್ಟಿಲು ಹತ್ತಿ ಬಂದೆ. ಲಿಫ್ಟ್ ಹತ್ತಲು ಮನಸ್ಸಾಗಲಿಲ್ಲ. ಇವನು ಒಮ್ಮೆ ಹೇಳಿದ್ದ, ಲಿಫ್ಟಿನಲ್ಲಿ ಎಲ್ಲಕ್ಕಿಂತ ಕೆಟ್ಟ ಫಾಲ್ಟ್ ಅಂದರೆ ಲಿಫ್ಟ್ ಬಂದಿರುವುದಿಲ್ಲ, ಬಾಗಿಲು ತೆರೆದುಕೊಳ್ಳುತ್ತೆ ಅಂತ.

ನೆಟ್ ಹೋಯಿತೋ, ಯಾರಾದರೂ ಬೇಡ ಅಂದರೋ? ದತ್ತು ಕಚೇರಿಯಿಂದ ಮನೆ ನೋಡಲು ಬಂದಿದ್ದ ಮೇಡಂ ಇವನ ಕೆಲಸ ಏನು ಅಂತ ಎರಡು ಸಲ ಕೇಳಿದ್ದರು. ಇಡೀ ದಿನ ಕತ್ತಲ ಬಾವಿಯಲ್ಲಿ ಹಗ್ಗಕ್ಕೆ ನೇತಾಡುವ ಅಪ್ಪ ಬೇಡ ಅಂತ ಬರೆದರೋ. ನನ್ನ ವಯಸ್ಸೋ. ಕೇಳುವ ಹಾಗಿಲ್ಲ. ಕೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಅನ್ನುತ್ತಾರೆ.

ಅದೇ ದಿನ, ರಾತ್ರಿ

ಆಫೀಸು ಬಿಡುವ ಹೊತ್ತಿಗೆ ಇನ್ನೊಂದು ಕಂಡಿತು. ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು.

ಆ ಮಗು ಇನ್ನೂ ಅಲ್ಲೇ ಇದೆ. ರೋಲ್‌ಬ್ಯಾಕ್ ಆಯಿತು ಅಂದರೆ ಮತ್ತೆ ಸರದಿಗೆ ಬಂತು ಅಂತ. ಇದೇ ಬುಧವಾರ ಮತ್ತೆ ಮ್ಯಾಚಿಂಗ್. ಅದೇ ಮಗು, ಅದೇ ಸರದಿ, ಅದೇ ನಿಯಮ. ಒಮ್ಮೆ ನಮ್ಮ ಹತ್ತಿರ ಬಂದದ್ದು ಮತ್ತೆ ನಮ್ಮ ಹತ್ತಿರವೇ ಬರಬೇಕು. ಖುಷಿಯಿಂದ ಎದ್ದು ನಿಂತುಬಿಟ್ಟೆ.

ಆಮೇಲೆ ಮ್ಯಾಚಿಂಗ್‌ಗೆ ಏನೇನು ಬಳಸುತ್ತಾರೆ ನೋಡಿದೆ. ಈಗಾಗಲೇ ಮಗು ಸಿಕ್ಕಿರುವವರನ್ನು ಸರದಿಯಿಂದ ಬಿಡಬೇಕಲ್ಲ, ಆ ನಂಬರ್‌ಗಳನ್ನು ಎಲ್ಲಿಂದ ತೆಗೆದುಕೊಳ್ಳುತ್ತಾರೆ ಅಂದರೆ — ನಮ್ಮ ವೇರ್‌ಹೌಸಿನಿಂದ. ಯಾವ ಮಹಾನುಭಾವ ಹೀಗೆ ಕಟ್ಟಿದನೋ.

ನಮ್ಮ ವೇರ್‌ಹೌಸ್ ಹೇಳುತ್ತೆ: ಇವರಿಗೆ ಮಗು ಸಿಕ್ಕಿದೆ.

ಆ ಸಾಲು ಇರುವ ತನಕ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ನಮ್ಮನ್ನಷ್ಟೇ ಅಲ್ಲ, ಏಳೂ ಮನೆಯವರನ್ನು.

ಅಳಿಸುವ ಅಧಿಕಾರ ನನಗಿದೆ. ಅರ್ಧ ಸಾಲಿನ ಕಮಾಂಡ್. ಬರೆದೆ. ಒತ್ತಲಿಲ್ಲ. ಪ್ರತಿ ಅಳಿಸುವಿಕೆಗೂ ಗುರುವಾರದ ಒಪ್ಪಿಗೆ ಬೇಕು, ಯಾರು ಒತ್ತಿದರು ಅಂತ ಹೆಸರು ಉಳಿಯುತ್ತೆ. ತನ್ನದೇ ದಾಖಲೆ ತಿದ್ದಿದಳು ಅಂತಾದರೆ ಈ ಮಗುವಲ್ಲ, ಯಾವ ಮಗುವೂ ಇಲ್ಲ. ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಮನೆಗೆ ಬಂದರೆ ಬಾಲ್ಕನಿಗೆ ಜಾಲರಿ. ಹಸಿರು ಬಣ್ಣದ್ದು. "ಹೆಂಗಿದೆ?" ಅಂದ. ಚೆನ್ನಾಗಿದೆ ಅಂದೆ.

ಮಾರ್ಚ್ 11, ಮಂಗಳವಾರ

ಗುರುವಾರ ಸರ್ ಕೋಣೆಗೆ ಹೋದೆ. ಏಳೂ ರೋಲ್‌ಬ್ಯಾಕ್ ಸಾಲುಗಳು, ಇವತ್ತೇ ಅಳಿಸಬೇಕು, ಅರ್ಜೆಂಟ್ ಒಪ್ಪಿಗೆ ಕೊಡಿ ಅಂದೆ.

"ಪತ್ತೆ ಮಾಡಿದ್ದು ಭೇಷ್. ಗುರುವಾರ ಇಡು, ಒಪ್ಪಿಗೆ ಆಗುತ್ತೆ."

"ನಾಳೆ ಮ್ಯಾಚಿಂಗ್ ಇದೆ ಸರ್. ಅಳಿಸದಿದ್ರೆ ಏಳು ಮನೆಯವರನ್ನ ಬಿಟ್ಟುಬಿಡ್ತಾರೆ."

"ಮುಂದಿನ ಬುಧವಾರ ಬರೋದಿಲ್ವೇನಮ್ಮ? ವರ್ಷಗಟ್ಟಲೆ ಕಾದೋರಿಗೆ ಒಂದು ವಾರ ಏನು."

ಅಲ್ಲಿಯ ತನಕ ಸರಿಯಾಗೇ ಮಾತಾಡುತ್ತಿದ್ದೆ. ಒಂದು ವಾರ ಏನು ಅಂದರಲ್ಲ, ಅದಕ್ಕೆ ತಲೆ ಕೆಟ್ಟಿತು.

"ಅದರಲ್ಲಿ ಒಂದು ನಮ್ಮದು ಸರ್."

ಅವರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಬಹಳ ಹೊತ್ತು ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತಾ ಕೂತರು.

"ಯಾಕಮ್ಮ ಹೇಳಿದೆ?"

ಅವರು ಜೋಡಿಸಿಟ್ಟ ಪೆನ್ನುಗಳನ್ನು ಎಣಿಸಿದೆ.

"ಇನ್ನೊಂದು ಐದು ನಿಮಿಷ ಜಗಳ ಆಡಿದ್ರೆ ನಾನೇ ಹಾಳಾಗಿ ಹೋಗಲಿ ಅಂತ ಸಹಿ ಹಾಕ್ತಿದ್ದೆ. ಏಳು ಮನೆ ಪ್ರಶ್ನೆ ಅಂತಿದ್ಯಲ್ಲ, ಸಾಕಿತ್ತು. ಈಗ ಹಾಕಿದ್ರೆ, ನನ್ನ ಟೀಮಿನ ಹುಡುಗಿಗೋಸ್ಕರ ಹಾಕಿದೆ ಅಂತಾಗುತ್ತೆ. ನಾಳೆ ಯಾರಾದ್ರೂ ಕೆದಕಿದ್ರೆ ನಿಮ್ಮ ಅರ್ಜಿ ಅಷ್ಟೇ ಅಲ್ಲ, ಏಳಕ್ಕೂ ಕಲ್ಲು ಬೀಳುತ್ತೆ."

ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಬಯ್ಯಲಿಲ್ಲ. ನೀರು ಕೊಟ್ಟರು. "ನೀನು ನೋಡಿದ್ದು ನಾನು ಕೇಳಿಲ್ಲ. ಮೇಲಿನವರಿಗೆ ಬರೆಯೋಲ್ಲ. ಆದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ಆ ಟೇಬಲ್ ಇನ್ನು ನಿನಗೆ ಕಾಣಬಾರದು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅರ್ಥ ಆಯ್ತಾ?"

ಅರ್ಥ ಆಯಿತು. ಸತ್ತದ್ದೂ ನಾನೇ, ಮುರಿದದ್ದೂ ನಾನೇ.

ನನ್ನ ಸೀಟಿಗೆ ಬರುವಷ್ಟರಲ್ಲಿ ಟೇಬಲ್ ಹೋಗಿತ್ತು. ಈ ಒಂದು ಕೆಲಸಕ್ಕೆ ಗುರುವಾರದ ತನಕ ಕಾಯಲಿಲ್ಲ.

ಮಾರ್ಚ್ 12, ಬುಧವಾರ. ಬೆಳಿಗ್ಗೆ

ದತ್ತು ಕಚೇರಿಯಲ್ಲಿ ಮ್ಯಾಚಿಂಗ್ ಶುರುವಾಗಿರುತ್ತೆ. ನಾನು ಇಲ್ಲಿ ಕೂತು ಬೇರೆ ಯಾವುದೋ ರಿಪೋರ್ಟಿನ ಬಣ್ಣ ಬದಲಾಯಿಸುತ್ತಿದ್ದೇನೆ. ನೀಲಿ ಬೇಕಂತೆ.

ನಾನು ನೋಡದೇ ಇದ್ದಿದ್ದರೆ? ಇದೇ ಆಗುತ್ತಿತ್ತು. ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಬಾಯಿ ಬಿಡದೇ ಇದ್ದಿದ್ದರೆ? ಅದನ್ನು ಯೋಚನೆ ಮಾಡಬಾರದು ಅಂದುಕೊಂಡಿದ್ದೇನೆ, ಅದನ್ನೇ ಮಾಡುತ್ತಿದ್ದೇನೆ.

ನೆಟ್ ಹೋಗಲಿ. ಇವತ್ತೂ ಹೋಗಲಿ. ಯಾರಿಗೂ ಕಮಿಟ್ ಆಗದಿರಲಿ. ಒಂದು ಮಗುವಿಗೆ ಮನೆ ಸಿಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಎಂಥ ಹೆಂಗಸು ನಾನು.

ಅದೇ ದಿನ, ಸಂಜೆ

ಊಟದ ಹೊತ್ತಿಗೆ ಬೀಗದಣ್ಣ ನಮ್ಮ ಮಹಡಿಯ ಫಿಲ್ಟರಿಗೆ ಬಾಟಲಿ ತುಂಬಲು ಬಂದ. ಅವನ ಮಹಡಿಯಲ್ಲೇ ಫಿಲ್ಟರ್ ಇದೆ.

ಬಾಟಲಿ ತುಂಬುವ ತನಕ ನನ್ನ ಕಡೆ ನೋಡಲಿಲ್ಲ. "ಆ ನಾಲ್ಕನೇ ನಂಬರ್ ಕೇಳಿದ್ರಲ್ಲ" ಅಂದ. "ಆ ಮಗು ಬೆಳಿಗ್ಗೆ ಕಮಿಟ್ ಆಯ್ತು. ಮನೆ ಬೇರೆ."

ನನ್ನ ಮುಖ ನೋಡಿ ಅವನಿಗೆ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ.

"ಎಲ್ಲಾ ಸರಿಯಾಗಿ ಆಯ್ತಾ?" ಅಂದೆ. ಏನಾದರೂ ಅನ್ನಬೇಕಿತ್ತು.

"ಕೊನೇ ತನಕ. ಒಂದೂ ಎರರ್ ಇಲ್ಲ" ಅಂದ. ಬಾಟಲಿಯ ಮುಚ್ಚಳ ಹಾಕದೇ ಹೋದ, ಮೆಟ್ಟಿಲ ತನಕ ನೀರು ಚೆಲ್ಲಿಕೊಂಡು.

ಮಾರ್ಚ್ 13, ಗುರುವಾರ

ಮೀಟಿಂಗ್. ನಮ್ಮ ವಿಷಯ ಮೂರನೆಯದು. ಯಾರೂ ತಲೆ ಎತ್ತಲಿಲ್ಲ. "ಏಳು ರೋಲ್‌ಬ್ಯಾಕ್ ಸಾಲು, ಅಳಿಸೋದು. ಆಕ್ಷೇಪಣೆ?" ಇಲ್ಲ. ಒಪ್ಪಿಗೆ. ಮುಂದಿನ ವಿಷಯ ಪಾರ್ಕಿಂಗ್. ಅದಕ್ಕೆ ಮುಕ್ಕಾಲು ಗಂಟೆ.

ಮಧ್ಯಾಹ್ನ ಪಕ್ಕದ ಸೀಟಿನ ಹುಡುಗಿ ಅಳಿಸಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬಿಸ್ಕತ್ತು ತಿನ್ನುತ್ತಾ. ಅವಳ ತಪ್ಪೇನೂ ಇಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಗುರುವಾರ ಸರ್ ಎಲ್ಲರಿಗೂ ಮೇಲ್ ಹಾಕಿದ್ದಾರೆ. ವ್ಯತ್ಯಾಸ ಈಗ ಸೊನ್ನೆ. ನಾಳೆಯಿಂದ ಲೋಡ್ ಮೊದಲಿನ ಹಾಗೆ ಕಾದು ತರುತ್ತೆ. ಪತ್ತೆ ಮಾಡಿದ್ದಕ್ಕೆ ನನ್ನ ಹೆಸರು ಹಾಕಿ ಧನ್ಯವಾದ. ಮೂರು ಜನ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ್ದಾರೆ.

ಗಾಳಿ ಗುದ್ದಿ ಮೈ ನೋಯಿಸಿಕೊಂಡೆ ಅಂತಾರಲ್ಲ, ಅದು. ಏನೂ ಆಗಿರಲಿಲ್ಲ. ಆಗಿರದೇ ಇದ್ದದ್ದು ಈಗ ಇನ್ನೂ ಆಗಿಲ್ಲ. ಮೈ ಮಾತ್ರ ನೋಯುತ್ತಿದೆ.

ಇವತ್ತು ಮನೆಯಲ್ಲಿ ಹೇಳಲೇಬೇಕು.

ಮಾರ್ಚ್ 14, ಶುಕ್ರವಾರ

ಹೇಳಲಿಲ್ಲ. ಅತ್ತೆ ಎದುರಿಗಿದ್ದರು.

ಮಾರ್ಚ್ 17, ಸೋಮವಾರ

ಅತ್ತೆ ಎದುರಿಗಿರಲಿಲ್ಲ. ಹೇಳಲಿಲ್ಲ.

ಮಾರ್ಚ್ 22, ಶನಿವಾರ. ಸಂಜೆ

ಹೇಳಿದೆ.

ಅವನೇ ಕೇಳಿದ್ದು. ಪ್ಲಗ್ ಪಾಯಿಂಟಿಗೆಲ್ಲ ಮುಚ್ಚಳ ಹಾಕುತ್ತಾ ನೆಲದ ಮೇಲೆ ಕೂತಿದ್ದ. ತಿರುಗದೇ ಕೇಳಿದ, "ಫೋನ್ ಬರಲ್ಲ, ಅಲ್ವಾ?"

ಇಲ್ಲ ಅಂದೆ. ಎಲ್ಲ ಹೇಳಿದೆ. ರೋಲ್‌ಬ್ಯಾಕ್, ಕಾಯದ ಲೋಡ್, ಗುರುವಾರ, ನಾನು ಬಾಯಿ ಬಿಟ್ಟದ್ದು. ನನ್ನಿಂದಲೇ ಆಯಿತು ಅಂದೆ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. ಕೂಗಾಡುತ್ತಾನೆ ಅಂದುಕೊಂಡೆ. ಕೂಗಾಡಲಿಲ್ಲ. ಅತ್ತೆ ಒಳಗಿನಿಂದ ಬಂದರು, ನಮ್ಮಿಬ್ಬರನ್ನೂ ನೋಡಿದರು, ಏನೂ ಕೇಳದೆ ಟೀಗೆ ನೀರಿಟ್ಟರು. ಪಾತ್ರೆಯ ಸದ್ದು ಬೇಕೆಂದೇ ಜೋರಾಗಿ ಮಾಡುತ್ತಿದ್ದರು.

"ಈಗ ಎಲ್ಲಿದ್ದಾಳೆ?" ಅಂದ ಇವನು.

"ಬೇರೆ ಮನೆಗೆ ಆಯ್ತು. ಕಮಿಟ್ ಆಗಿದೆ. ಇನ್ನು ಬದಲಾಗಲ್ಲ."

"ಒಳ್ಳೆ ಮನೇನಾ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹತ್ತು ದಿನದಿಂದ ನನ್ನ ಹೊಟ್ಟೆ ಉರಿಯೇ ನನಗೆ ಸಾಕಾಗಿತ್ತು. ಇವನು ಇದನ್ನು ಕೇಳಿದ.

"ಹೇಳೇ. ನೀನು ನೋಡಿರ್ತೀಯಲ್ಲ. ನಿಂಗೆ ಎಲ್ಲಾ ಕಾಣುತ್ತಲ್ಲ."

ನನಗೆ ಏನೂ ಕಾಣುವುದಿಲ್ಲ. ಹನ್ನೊಂದನೇ ತಾರೀಖಿನಿಂದ ಆ ಟೇಬಲ್ ನನ್ನ ಪಾಲಿಗೆ ಇಲ್ಲ. ಆ ಮನೆಯವರ ನಂಬರ್ ಕೂಡ ಗೊತ್ತಿಲ್ಲ.

"ಒಳ್ಳೆಯವರು" ಅಂದೆ. "ನೋಡಿದೆ."

"ಹೆಂಗಿದ್ದಾರೆ?"

"ಇಬ್ಬರೂ ಮೇಷ್ಟ್ರು. ಸಂಜೆ ಬೇಗ ಮನೆಗೆ ಬರ್ತಾರೆ."

"ಮನೆ?"

"ನೆಲದ ಮೇಲೇ ಇದೆ. ಮೆಟ್ಟಿಲಿಲ್ಲ. ಮುಂದೆ ಅಂಗಳ."

ತಲೆ ಅಲ್ಲಾಡಿಸಿದ. ಬೀಳುವ ಭಯ ಇಲ್ಲ ಅಂತ ಇರಬೇಕು. ಅತ್ತೆಯ ಪಾತ್ರೆ ಸದ್ದು ನಿಂತಿತ್ತು. ಅವರೂ ಕೇಳುತ್ತಿದ್ದರು.

"ಮರ ಇದೆಯಾ?" ಅಂದರು ಅಲ್ಲಿಂದಲೇ.

ಇದೆ ಅತ್ತೆ, ಅಂದೆ. ದೊಡ್ಡದು. ಅಜ್ಜ ಇದ್ದಾರೆ, ಮಧ್ಯಾಹ್ನ ನೋಡಿಕೊಳ್ಳುತ್ತಾರೆ ಅಂದೆ. ನಾಯಿ ಇದೆ ಅಂದೆ. ಕಚ್ಚುತ್ತಾ? ಇಲ್ಲ, ಮುದಿ ನಾಯಿ. ನಿಲ್ಲಿಸೋಕೆ ಆಗಲಿಲ್ಲ. ಟೀ ಆರಿತು.

ಅವರಿಬ್ಬರೂ ಅಡುಗೆಮನೆಯಲ್ಲಿ ಇದನ್ನೇ ಮಾತಾಡುತ್ತಿದ್ದಾರೆ, ನಾನು ಇಲ್ಲಿ ಬಂದು ಬರೆಯುತ್ತಿದ್ದೇನೆ. ಅಂಗಳ ದೊಡ್ಡದಿದ್ದರೆ ಗೇಟು ಇರಬೇಕು ಅನ್ನುತ್ತಿದ್ದಾರೆ ಅತ್ತೆ.

ಇವನು ಬಾಗಿಲಿಗೆ ಬಂದು ನಿಂತಿದ್ದಾನೆ. ಆ ಮನೆಯಲ್ಲಿ ಇನ್ನೊಂದು ಮಗು ಇದೆಯಾ, ಜೊತೆಗೆ ಆಡೋಕೆ, ಅಂತ ಕೇಳುತ್ತಿದ್ದಾನೆ. ಇದೆ ಅಂದೆ. ಅಕ್ಕ. ಏಳು ವರ್ಷ. ಅವಳ ಹೆಸರೇನಂತೆ ಅಂತ ಕೇಳುತ್ತಿದ್ದಾನೆ.